ತಳ ಕಂಡವರು ತೊಳೆಯಬೇಕು

ಆ ಮನೆಗೊಂದು ಕಾನೂನಿತ್ತು. ಉಪ್ಪಿನಕಾಯಿ ಜಾಡಿಯ ತಳ ಯಾರ ಚಮಚಕ್ಕೆ ತಾಗುತ್ತದೋ ಅವರೇ ಜಾಡಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಮುಂದಿನ ಸಲಕ್ಕೆ ಬುಟ್ಟಿ ತುಂಬ ನಿಂಬೆಹಣ್ಣು ಹೆಚ್ಚಿಕೊಡಬೇಕು. ನಿಂಬೆಹಣ್ಣು ಹೆಚ್ಚುವುದು ಹುಡುಗಾಟವಲ್ಲ. ಬೆರಳಲ್ಲಿ ಕಣ್ಣಿಗೆ ಕಾಣದ ಗೀರಿದ್ದರೂ ಹುಳಿ ಅದನ್ನು ಹುಡುಕಿ ಹಿಡಿಯುತ್ತದೆ. ಹಾಗಾಗಿ ಜಾಡಿ ಮುಗಿಯುತ್ತ ಬಂದಂತೆ ಮನೆಯವರೆಲ್ಲ ಬಲು ಸಂಭಾವಿತರಾಗಿಬಿಡುತ್ತಿದ್ದರು. ಒಬ್ಬರಿಗೊಬ್ಬರು ನೀವು ಹಾಕ್ಕೊಳ್ಳಿ, ನನಗೆ ಸಾಕು ಎನ್ನುವುದೇನು, ಕೊನೆಯ ಹೋಳನ್ನು ಚಮಚದಿಂದ ಪಕ್ಕಕ್ಕೆ ಸರಿಸಿ ರಸ ಮಾತ್ರ ಬಳಿದುಕೊಳ್ಳುವುದೇನು. ಆ ಕೊನೆಯ ಹೋಳು ವಾರಗಟ್ಟಲೆ ಬದುಕುತ್ತಿತ್ತು.

ಕಾನೂನು ಮಾಡಿದವರು ಮನೆಯ ಹಿರಿಯ ಹೆಂಗಸು. ನರ್ಸುಗಳ ಹಾಸ್ಟೆಲಿನ ಕ್ಯಾಂಟೀನಿನಲ್ಲಿ ತಲೆ ನರೆಯುವವರೆಗೆ ಮುಖ್ಯ ಅಡುಗೆಯವರಾಗಿದ್ದರಿಂದ ಕಟ್ಟಡದವರೆಲ್ಲ ಅವರನ್ನು ಕ್ಯಾಂಟೀನಮ್ಮ ಎಂದೇ ಕರೆಯುತ್ತಿದ್ದರು. ಗಂಡ ಬೇಗ ಹೋದ. ಮಗನನ್ನೂ ಮಗಳನ್ನೂ ಸಾಕಿದ್ದು ಅವರ ನಾಲಿಗೆ. ಅಳತೆ ಪಾವು, ತಕ್ಕಡಿ ಯಾವುದನ್ನೂ ಅವರು ಮುಟ್ಟಿದವರಲ್ಲ. ಹಂಡೆಯಷ್ಟು ಬೇಳೆಗೆ ಕೈಯಲ್ಲೇ ಉಪ್ಪು ಎರಚಿ, ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಇನ್ನೊಂದು ಅರ್ಧ ಹಿಡಿ ಎಂದರೆ ಅರ್ಧ ಹಿಡಿ, ಅಷ್ಟೇ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಮಗ ಲಿಫ್ಟ್ ರಿಪೇರಿ ಮಾಡುವವನು. ಊರಿನವರನ್ನೆಲ್ಲ ಹತ್ತನೇ ಮಹಡಿಗೆ ಏರಿಸುವವನು, ತಾನಿರುವುದು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಸೊಸೆ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದಿರುವುದರಿಂದ ಅವಳಿಗೆ ರೇಡಿಯೊ ಎಂದು ಹೆಸರು.

ಆ ವರ್ಷ ಚಳಿಗಾಲದಲ್ಲಿ ಕ್ಯಾಂಟೀನಮ್ಮನಿಗೆ ನೆಗಡಿ ಬಂತು, ಜ್ವರ ಬಂತು, ಎರಡೂ ಹೋದವು. ಹೋಗುವಾಗ ಸುಮ್ಮನೆ ಹೋಗಲಿಲ್ಲ. ಒಂದು ಬೆಳಿಗ್ಗೆ ಚಹಾ ಬಿಸಿನೀರಿನಂತಿತ್ತು. ಮಗ ಪುಡಿ ಉಳಿಸಿದ್ದಾನೆಂದು ಬೈದರು. ಮಧ್ಯಾಹ್ನ ಮೆಣಸಿನಕಾಯಿ ಹುರಿಯುವಾಗ ಸೊಸೆ, ಮೊಮ್ಮಗಳು ಕೆಮ್ಮುತ್ತ ಬಾಲ್ಕನಿಗೆ ಓಡಿದರು. ಕ್ಯಾಂಟೀನಮ್ಮನಿಗೆ ಗಂಟಲು ಕೆರೆಯಿತು, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಒಲೆ ಆರಿಸಿ ಒಬ್ಬರೇ ನಿಂತು ಒಂದು ಚಿಟಿಕೆ ಉಪ್ಪು ನಾಲಿಗೆಗೆ ಹಾಕಿಕೊಂಡರು. ಮರಳು. ಸಕ್ಕರೆ ಹಾಕಿಕೊಂಡರು. ಅದೂ ಮರಳು.

ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣವಿತ್ತು. ಕ್ಯಾಂಟೀನಿನಲ್ಲಿ ಅವರಿಗಿಂತ ಮೊದಲು ದೊಡ್ಡ ಅಡುಗೆಯವನಾಗಿದ್ದ ಒಬ್ಬ ಮುದುಕನಿಗೆ ಹೀಗೇ ನಾಲಿಗೆ ಹೋಗಿತ್ತು. ಯಾರೂ ಅವನನ್ನು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಮೂಲೆಯಲ್ಲಿ ಈರುಳ್ಳಿ ಬುಟ್ಟಿಯ ಮುಂದೆ ಕೂರಿಸಿದರು. ಆಮೇಲೆ ಅವನು ಇರುವಷ್ಟು ಕಾಲ ಅವನನ್ನು ಯಾರೂ ಏನನ್ನೂ ಕೇಳಲಿಲ್ಲ. ಕ್ಯಾಂಟೀನಮ್ಮನಿಗೆ ಸಾವಿನ ಭಯ ಅಷ್ಟಿರಲಿಲ್ಲ, ಆ ಬುಟ್ಟಿಯ ಭಯ ಇತ್ತು.

ದಿನದ ಅಡುಗೆಯಿಂದ ತಪ್ಪಿಸಿಕೊಳ್ಳುವುದು ಸುಲಭವಾಯಿತು. ಸೊಂಟ ಎಂದರು, ಮಂಡಿ ಎಂದರು, ನೀನೇ ಮಾಡು, ನಿನ್ನ ಕೈ ಚೆನ್ನಾಗಿದೆ ಎಂದು ಸೊಸೆಗೆ ಸೌಟು ದಾಟಿಸಿದರು. ಉಪ್ಪಿನಕಾಯಿಯದು ಹಾಗಲ್ಲ. ಅದನ್ನು ಬೇರೆ ಯಾರೂ ಮಾಡಿದ್ದೇ ಇಲ್ಲ. ಒಂದು ಸಣ್ಣ ಬಾಟಲಿಯಲ್ಲಿ ಕದ್ದುಮುಚ್ಚಿ ಅಂದಾಜಿನ ಮೇಲೆ ಹಾಕಿ ನೋಡಿದರು. ವಾರದೊಳಗೆ ಮೇಲೆಲ್ಲ ಬೂಷ್ಟು ಬಂತು. ಮಂಡಿ ನೋವಿನ ಹೆಂಗಸು ಅದನ್ನು ಕಾಗದದಲ್ಲಿ ಸುತ್ತಿ, ಮೂರು ಮಹಡಿ ಇಳಿದು, ಕಸದ ತೊಟ್ಟಿಗೆ ಹಾಕಿ ಬಂದರು.

ಉಳಿದದ್ದು ಒಂದೇ ದಾರಿ. ಜಾಡಿ ಮುಗಿಯಬಾರದು. ಎಲ್ಲರಿಗಿಂತ ಮೊದಲು ಏಳುವುದು ಅವರ ಹಳೆಯ ಅಭ್ಯಾಸ. ಬೆಳಿಗ್ಗೆ ಎದ್ದವರೇ ಒಂದು ನಿಂಬೆಹಣ್ಣು ಹೆಚ್ಚಿ, ಕುದಿಯುವ ನೀರಿಗೆ ಹಾಕಿ ತೆಗೆದು, ಒಂದಿಷ್ಟು ಉಪ್ಪು, ಖಾರದಪುಡಿ ಕಲಸಿ ಜಾಡಿಗೆ ಸೇರಿಸಿಬಿಡುತ್ತಿದ್ದರು. ಮಿಕ್ಕವರು ಕೊನೆಯ ಹೋಳಿಗೆ ಹೆದರಿ ಕೈ ಬಿಗಿಹಿಡಿಯುತ್ತಿದ್ದುದು ಅವರಿಗೆ ಅನುಕೂಲವೇ ಆಯಿತು.

ಮಗ ಜಾಡಿಯನ್ನು ಬೆಳಕಿಗೆ ಹಿಡಿದು, ಈ ಸಲ ಇದು ಮುಗಿಯೋ ಲಕ್ಷಣವೇ ಇಲ್ಲವಲ್ಲ ಎಂದ. ಅಕ್ಷಯಪಾತ್ರೆ ಎಂದಳು ರೇಡಿಯೊ. ಹೋಳು ಗಟ್ಟಿ, ರಸ ನೀರು, ಒಂದು ದಿನ ಉಪ್ಪು ಸುರಿದಂತೆ, ಇನ್ನೊಂದು ದಿನ ಸಪ್ಪೆ. ಆದರೆ ಕ್ಯಾಂಟೀನಮ್ಮನ ಉಪ್ಪಿನಕಾಯಿ ಕೆಟ್ಟಿದೆ ಎಂದು ಹೇಳುವ ಎದೆ ಯಾರಿಗಿದೆ. ಪ್ರತಿಯೊಬ್ಬರೂ ತಮ್ಮ ಬಾಯಿಯೇ ಕೆಟ್ಟಿದೆಯೆಂದುಕೊಂಡು ಸುಮ್ಮನಿದ್ದರು.

ಸೊಸೆಯ ಸಂಕಟ ಬೇರೆ. ಮದುವೆಯಾಗಿ ಬಂದ ಮೊದಲ ದಿನದಿಂದ ಅವಳು ಬಡಿಸಿದ್ದನ್ನು ಬಾಯಿಗಿಟ್ಟು ಅತ್ತೆ ಹೇಳುತ್ತಿದ್ದ ಮಾತು ಒಂದೇ: "ಉಪ್ಪು ಸಾಲದು." ಮೊದಮೊದಲು ಬಚ್ಚಲಿಗೆ ಹೋಗಿ ಅತ್ತಿದ್ದಳು. ಆಮೇಲೆ ಸಿಟ್ಟಾಗಿದ್ದಳು. ಆಮೇಲೆ ಅದು ಗೋಡೆ ಗಡಿಯಾರದ ಸದ್ದಿನಂತೆ ಆಗಿಹೋಗಿತ್ತು. ಈಚಿನ ವರ್ಷಗಳಲ್ಲಂತೂ ಅತ್ತೆಗೆ ಹೇಳಲು ಏನಾದರೂ ಇರಲಿ ಎಂದು ಬೇಕೆಂದೇ ಒಂದು ಚಿಟಿಕೆ ಕಡಿಮೆ ಹಾಕುತ್ತಿದ್ದಳು. ಅಂಥ ಅತ್ತೆ ಈಗ ಏನು ಬಡಿಸಿದರೂ ಚೆನ್ನಾಗಿದೆ ಎನ್ನುತ್ತಾರೆ. ಸೀದ ಪಲ್ಯ ಚೆನ್ನಾಗಿದೆ. ಹಸಿ ಹಿಟ್ಟಿನ ರೊಟ್ಟಿ ಚೆನ್ನಾಗಿದೆ. ಸೊಸೆಗೆ ಊಟ ಗಂಟಲಲ್ಲಿ ಇಳಿಯದಾಯಿತು.

ನಿಮ್ಮಮ್ಮ ಮಗಳ ಮನೆಗೆ ಹೊರಟುಹೋಗುವ ಯೋಚನೆಯಲ್ಲಿದ್ದಾರಾ ಎಂದು ಗಂಡನನ್ನು ಕೇಳಿದಳು. ಅವನು ಬೂಟಿನ ಗ್ರೀಸ್ ಒರೆಸುತ್ತ ಕೂತಿದ್ದ.

"ಬೈದ್ರೂ ತಪ್ಪು, ಹೊಗಳಿದ್ರೂ ತಪ್ಪು. ಅವರು ಏನು ಮಾಡ್ಬೇಕು ಹೇಳು."

"ನಿಮ್ಮಮ್ಮ ಹೊಗಳೋದು ಹೊರಗಿನವರನ್ನ. ನನ್ನನ್ನ ಯಾವತ್ತು ಹೊರಗಿಟ್ರು ಅಂತ ಕೇಳ್ತಿದೀನಿ ರೀ."

ಅವನು ಇನ್ನೊಂದು ಬೂಟು ಕೈಗೆತ್ತಿಕೊಂಡ. ಕೆಟ್ಟ ಲಿಫ್ಟಾದರೆ ಮೇಲೆ ಹತ್ತಿ ನೋಡಬಹುದು. ತಾಯಿ ಹೆಂಡತಿಯರ ನಡುವೆ ಸಿಕ್ಕವನಿಗೆ ಅತ್ತ ದರಿ, ಇತ್ತ ಪುಲಿ.

ಶಾಲೆ ಶುರುವಾಗುವ ಕಾಲ ಹತ್ತಿರ ಬಂತು. ಶೆಡ್ಡಿನಲ್ಲಿ ರಾಶಿ ರಾಶಿ ಕಾಲರು, ಜೇಬು, ಗುಂಡಿ. ಸೊಸೆ ಸೊಂಟ ಹಿಡಿದುಕೊಂಡು ಮನೆಗೆ ಬಂದು, ಬಂದವಳೇ ಒಲೆಯ ಮುಂದೆ ನಿಲ್ಲಬೇಕು. ತರಕಾರಿ ಹೆಚ್ಚಿಡಬೇಕಾದ ರೇಡಿಯೊ ಫೋನ್ ಹಿಡಿದು ಕೂತಿರುತ್ತಿದ್ದಳು. ನೀರು ತುಂಬಿಡಬೇಕಾದ ಗಂಡ ಈಗ ತಾನೇ ಬಂದೆ ಎನ್ನುತ್ತಿದ್ದ. ಪಾತ್ರೆಗಳ ಸದ್ದು ದಿನದಿಂದ ದಿನಕ್ಕೆ ಏರಿತು.

ಒಂದು ಶನಿವಾರ ಅವಳು ಒಂದು ಕೆಲಸ ಮಾಡಿದಳು. ಬೇಳೆಗೆ ಉಪ್ಪೇ ಹಾಕಲಿಲ್ಲ. ಮರೆತಲ್ಲ, ಬೇಕೆಂದೇ.

ಮಗ ಒಂದು ತುತ್ತು ತಿಂದು ತಲೆಯೆತ್ತಿದ. ಹೆಂಡತಿಯ ಕಣ್ಣು ನೋಡಿ ತಲೆ ಇಳಿಸಿದ. ರೇಡಿಯೊ ಬಾಯಿ ತೆರೆದಳು, ಮೇಜಿನಡಿ ತಾಯಿಯ ಕಾಲು ಅವಳ ಕಾಲ ಮೇಲೆ ಬಂತು. ಕ್ಯಾಂಟೀನಮ್ಮ ಎರಡನೇ ಸಲ ಬೇಳೆ ಹಾಕಿಸಿಕೊಂಡು, ಚೆನ್ನಾಗಿದೆ ಎಂದರು.

ಸೊಸೆ ಸೌಟು ಕೆಳಗಿಟ್ಟಳು. "ಅತ್ತೆ, ಅದರಲ್ಲಿ ಒಂದು ಹರಳು ಉಪ್ಪಿಲ್ಲ."

ಕ್ಯಾಂಟೀನಮ್ಮನ ಕೈ ತಟ್ಟೆಯಲ್ಲೇ ನಿಂತಿತು. ನಿಜ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಕಣ್ಣ ಮುಂದೆ ಬಂದದ್ದು ಈರುಳ್ಳಿ ಬುಟ್ಟಿ.

"ಗೊತ್ತಾಯ್ತು. ದುಡಿದು ಸುಸ್ತಾಗಿ ಬಂದಿದೀಯ, ಯಾಕೆ ಹೇಳೋದು ಅಂತ ಸುಮ್ಮನಾದೆ."

"ಇಷ್ಟು ವರ್ಷ ಹೇಳಿದ್ರಲ್ಲ, ಆಗ ನಾನು ದುಡಿದು ಬರ್ತಿರಲಿಲ್ವಾ?"

ಮಗ ನಡುವೆ ಬಾಯಿ ಹಾಕಿ, ಉಪ್ಪಿನ ಡಬ್ಬಿ ತಂದರೆ ಮುಗಿಯಿತಲ್ಲ ಎಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ.

"ನನ್ನ ಮೇಲೆ ಏನಿದ್ರೂ ಬಾಯಿಬಿಟ್ಟು ಬೈದುಬಿಡಿ ಅತ್ತೆ," ಎಂದಳು ಸೊಸೆ. "ಹೀಗೆ ಚೆನ್ನಾಗಿದೆ ಚೆನ್ನಾಗಿದೆ ಅಂತ ದಿನಾ ಕೊಲ್ಲಬೇಡಿ."

ಕ್ಯಾಂಟೀನಮ್ಮ ಎದ್ದು ಕೈ ತೊಳೆದುಕೊಂಡರು. ನಾಳೆ ಬೆಳಗಿನ ಚಹಾ ನಾನೇ ಮಾಡುತ್ತೇನೆ ಎಂದಷ್ಟೇ ಹೇಳಿ ತಮ್ಮ ಮಂಚಕ್ಕೆ ಹೋದರು. ಅವರಿಗೆ ಅದು ಸಂಧಾನ. ಸೊಸೆಗೆ ಅದು ಇನ್ನೊಂದು ಏಟು. ಆ ಸಿಟ್ಟೆಲ್ಲ ರೇಡಿಯೊ ಮೇಲೆ ತಿರುಗಿತು: ಅಡುಗೆಮನೆಯ ಶೆಲ್ಫ್ ಒರೆಸಿ ಎಷ್ಟು ದಿನವಾಯಿತು, ಈಗಲೇ ಒರೆಸು. ರೇಡಿಯೊ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಡಬ್ಬಿಗಳನ್ನೆಲ್ಲ ಇಳಿಸಿದಳು, ಒರೆಸಿದಳು, ಏರಿಸಿದಳು. ಉಪ್ಪು, ಸಕ್ಕರೆ ಎರಡಕ್ಕೂ ಒಂದೇ ಬಗೆಯ ಸ್ಟೀಲ್ ಡಬ್ಬಿ. ಬಲಗಡೆಯದು ಎಡಕ್ಕೆ ಹೋಯಿತು, ಎಡಗಡೆಯದು ಬಲಕ್ಕೆ.

ಕಲ್ಲುಪ್ಪಾಗಿದ್ದರೆ ಕ್ಯಾಂಟೀನಮ್ಮನ ಬೆರಳೇ ಹೇಳಿಬಿಡುತ್ತಿತ್ತು. ಆ ವಾರ ಅಂಗಡಿಯಲ್ಲಿ ಕಲ್ಲುಪ್ಪಿಲ್ಲವೆಂದು ಮಗ ಪುಡಿ ಉಪ್ಪು ತಂದಿದ್ದ. ಸಕ್ಕರೆಯೂ ನುಣ್ಣಗಿನದು. ಜೊತೆಗೆ ಅವರು ಆತುರದಲ್ಲಿದ್ದರು. ಭಾನುವಾರ ಎದ್ದವರೇ ಎಂದಿನಂತೆ ಬಲಗಡೆಯ ಡಬ್ಬಿಯಿಂದ ತೆಗೆದು ನಿಂಬೆಗೆ ಕಲಸಿ ಜಾಡಿಗೆ ಹಾಕಿದರು, ಎಡಗಡೆಯ ಡಬ್ಬಿಯಿಂದ ತೆಗೆದು ಚಹಾಕ್ಕೆ ಹಾಕಿದರು. ಸೊಸೆಯ ಲೋಟಕ್ಕೆ ಒಂದು ಚಮಚ ಹೆಚ್ಚೇ ಹಾಕಿದರು, ಅವಳಿಗೆ ಸಿಹಿ ಇಷ್ಟ.

ಮೊದಲು ಉಗಿದವನು ಮಗ. ಆಮೇಲೆ ರೇಡಿಯೊ ಸಿಂಕಿಗೆ ಓಡಿದಳು. ಸೊಸೆಗೆ ಹೆಚ್ಚಿನ ಚಮಚದ ಪ್ರಸಾದ ಸಿಕ್ಕಿತ್ತಲ್ಲ, ಬಾಯಿಗೆ ಸೆರಗು ಒತ್ತಿಕೊಂಡಳು. ರೇಡಿಯೊ ಡಬ್ಬಿ ತೆರೆದು ನೋಡಿ ಹಣೆ ಚಚ್ಚಿಕೊಂಡಳು. ನನ್ನದೇ ತಪ್ಪು, ಅದಲುಬದಲು ಮಾಡಿದ್ದೇನೆ, ಅಜ್ಜಿಯನ್ನು ಏನೂ ಅನ್ನಬೇಡಿ ಎಂದು ಒಂದೇ ಉಸಿರಿಗೆ ಹೇಳಿದಳು. ಮಗ ನಗತೊಡಗಿದ. ನಿನ್ನೆ ಬೇಳೆಗೆ ಹಾಕದ ಉಪ್ಪು ಇವತ್ತು ಚಹಾಕ್ಕೆ ಬಂತು, ಲೆಕ್ಕ ಚುಕ್ತಾ ಎಂದ.

ಸೊಸೆ ನಗಲಿಲ್ಲ. ಅವಳು ಅತ್ತೆಯ ಲೋಟವನ್ನು ನೋಡುತ್ತಿದ್ದಳು. ಲೋಟ ಅರ್ಧ ಖಾಲಿಯಾಗಿತ್ತು.

ಕ್ಯಾಂಟೀನಮ್ಮ ಅದನ್ನು ಕಂಡು ಲೋಟದ ಮೇಲೆ ಅಂಗೈ ಮುಚ್ಚಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ.

ಸೊಸೆ ಎದ್ದುಹೋಗಿ ಉಪ್ಪಿನಕಾಯಿ ಜಾಡಿ ತಂದಳು. ಚಮಚದ ತುದಿಯಿಂದ ನೆಕ್ಕಿದಳು. ನಿಂಬೆ ಪಾನಕಕ್ಕೆ ಖಾರ ಹಾಕಿದಂತಿತ್ತು. ಚಮಚ ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕೂತಳು.

"ಯಾವಾಗಿಂದ ಅತ್ತೆ?"

"ಜ್ವರ ಬಂದಾಗಿಂದ." ಕ್ಯಾಂಟೀನಮ್ಮನ ಕಣ್ಣಿಂದ ದಳದಳ ನೀರಿಳಿಯಿತು. "ವಾಸನೆ ಇಲ್ಲ, ರುಚಿ ಇಲ್ಲ. ಬಾಯಲ್ಲಿ ಮಣ್ಣು ಹಾಕ್ಕೊಂಡ ಹಾಗೆ. ಚೆನ್ನಾಗಿದೆ ಅನ್ನದೆ ಇನ್ನೇನು ಅನ್ನಲಿ ನಾನು?"

ಆಮೇಲೆ ಎಲ್ಲವೂ ಬಂತು. ಜಾಡಿಗೆ ದಿನಾ ಬೆಳಿಗ್ಗೆ ತುಂಬುತ್ತಿದ್ದುದು, ಬೂಷ್ಟು ಬಂದ ಬಾಟಲಿ, ಕ್ಯಾಂಟೀನಿನ ಮುದುಕ, ಈರುಳ್ಳಿ ಬುಟ್ಟಿ. ಯಾವಾಗಲೂ ನಿಲ್ಲದ ರೇಡಿಯೊ ಕೂಡ ನಿಂತುಹೋಗಿತ್ತು. ನನ್ನನ್ನೂ ಒಂದು ಬುಟ್ಟಿ ಮುಂದೆ ಕೂರಿಸಿಬಿಡಿ, ಇನ್ನು ನನ್ನಿಂದ ಏನಾಗಬೇಕು ಎಂದು ಅವರು ಮಾತು ಮುಗಿಸಿದರು.

ಸೊಸೆ ಅತ್ತೆಯ ಲೋಟವನ್ನು ಎತ್ತಿ ದೂರ ಇಟ್ಟಳು. ಆಮೇಲೆ ಅವಳು ಕೇಳಿದ್ದನ್ನು ನೋಡಿ ಗಂಡನಿಗೆ ಆಶ್ಚರ್ಯವಾಯಿತು.

"ಹಾಗಾದ್ರೆ ನಿಮಗೆ ನನ್ನ ಮೇಲೆ ಕೋಪ ಇರಲಿಲ್ವಾ?"

"ನಿನ್ನ ಮೇಲೆ ಯಾಕೆ ಕೋಪ?"

"ಮಗಳ ಮನೆಗೆ ಹೊರಟಿರಲಿಲ್ವಾ?"

"ಅವಳ ಮನೆಯಲ್ಲಿ ನನಗೆ ಒಲೆ ಹಚ್ಚೋಕೂ ಬರಲ್ಲ, ಏನೋ ಗುಂಡಿ ಒತ್ತಬೇಕಂತೆ."

ಸೊಸೆ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಅಳತೊಡಗಿದಳು. ಅಳುತ್ತಳುತ್ತ ನಗುತ್ತಿದ್ದಳು. ತಿಂಗಳುಗಳಿಂದ ಎದೆಯ ಮೇಲಿದ್ದ ಭಾರ ಒಮ್ಮೆಗೇ ಇಳಿದರೆ ಅಳು ನಗು ಯಾವುದು ಮೊದಲು ಬರಬೇಕೆಂದು ಯಾರಿಗೆ ಗೊತ್ತಾಗುತ್ತದೆ. ಕ್ಯಾಂಟೀನಮ್ಮನಿಗೂ ಹಾಗೇ ಆಗಿತ್ತು. ಹೇಳಿಬಿಟ್ಟ ಮೇಲೆ ಅವರಿಗೆ ಮೊದಲು ಅನ್ನಿಸಿದ್ದು, ನಾಳೆ ಬೆಳಿಗ್ಗೆ ಕದ್ದು ಏಳಬೇಕಾಗಿಲ್ಲ ಎಂದು.

"ಇನ್ನು ಈರುಳ್ಳಿ," ಎಂದಳು ಸೊಸೆ ಮೂಗು ಒರೆಸಿಕೊಂಡು, "ಅದನ್ನ ನಿಮ್ಮ ಮಗ ಸುಲೀತಾರೆ. ಕೈ ನಿಮ್ಮದು, ನಾಲಿಗೆ ನಂದು. ಇಬ್ಬರೂ ಸೇರಿ ಒಂದು ಅಡುಗೆಯವರಾಗ್ತೀವಿ."

ನನ್ನ ಪಾಲಿಗೆ ಈರುಳ್ಳಿ ಬಂದದ್ದು ಯಾವ ನ್ಯಾಯ ಎಂದು ಮಗ ಗೊಣಗಿದ. ತಾಯಿ ನಕ್ಕಿದ್ದನ್ನು ನೋಡಿ ಗೊಣಗುವುದನ್ನು ಬಿಟ್ಟ.

ಅವತ್ತು ಮಧ್ಯಾಹ್ನ ಜಾಡಿಗೆ ಮುಕ್ತಿ ಕೊಡುವುದೆಂದಾಯಿತು. ತಳದಲ್ಲಿ ನಾಲ್ಕಾರು ಹೋಳು, ಸಿಹಿ ಖಾರದ ಒಂದಿಷ್ಟು ರಸ. ಎಸೆಯೋಣ ಎಂದ ಮಗ. ಅನ್ನ ಸುರಿದು ಬಳಿದರೆ ಒಂದು ಹೊತ್ತಿಗೆ ಆಗುತ್ತದೆ, ಎಸೆಯುವವರ ಮನೆಯಲ್ಲಿ ನಾನು ಹುಟ್ಟಿಲ್ಲ ಎಂದರು ಕ್ಯಾಂಟೀನಮ್ಮ. ಸೊಸೆ ಬಿಸಿ ಅನ್ನವನ್ನು ಜಾಡಿಯೊಳಕ್ಕೇ ಹಾಕಿ, ಮರದ ಸೌಟಿನಿಂದ ಒಳಮೈಯನ್ನೆಲ್ಲ ಒರೆಸಿ ಕಲಸಿದಳು. ನಾಲ್ಕು ಉಂಡೆಯಾಯಿತು. ಒಬ್ಬೊಬ್ಬರ ಅಂಗೈಗೆ ಒಂದೊಂದು. ಅಂಥ ಕೆಟ್ಟ ಅನ್ನವನ್ನು ಆ ಮನೆಯಲ್ಲಿ ಯಾರೂ ಉಂಡಿರಲಿಲ್ಲ. ರೇಡಿಯೊ ಮುಖ ಹಿಂಡಿಕೊಂಡೇ ನುಂಗಿದಳು. ನನಗೆ ಖಾರ ಮಾತ್ರ ಉರಿಯುತ್ತಿದೆ, ನೀವೆಲ್ಲ ಯಾಕೆ ಹಾಗಾಡುತ್ತೀರಿ ಎಂದು ಅಜ್ಜಿ ಕೇಳಿದಾಗ ಅವಳಿಗೆ ಅನ್ನ ನೆತ್ತಿಗೇರಿತು.

ತಳ ಕಂಡಿತು. ಕಂಡವರು ಯಾರು ಎಂಬ ಪ್ರಶ್ನೆ ಬಂತು. ನಾಲ್ವರ ಅಂಗೈಯೂ ಕೆಂಪಾಗಿತ್ತು. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಮಗ ವಾದಿಸಿ ನೋಡಿದ. ಕಾನೂನು ಮಾಡಿದವರ ಅಂಗೈಯೂ ಕೆಂಪಾಗಿದ್ದರಿಂದ ವಾದ ನಿಲ್ಲಲಿಲ್ಲ.

ಮರುವಾರ ಸೊಸೆ ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಹೆದರುವಂಥದ್ದೇನೂ ಕಾಣುವುದಿಲ್ಲ, ಜ್ವರಕ್ಕೆ ನರ ಸೋತಿದೆ, ಬರಬಹುದು, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದರು. ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ ಮೂಸುತ್ತಿರಿ ಎಂದರು. ಬರುತ್ತದೆ ಎಂದು ಮಾತು ಕೊಡಲಿಲ್ಲ. ಆದರೂ ಮೆಟ್ಟಿಲು ಹತ್ತುವಾಗ ಕ್ಯಾಂಟೀನಮ್ಮ ಮಂಡಿಯ ವಿಷಯವನ್ನೇ ಎತ್ತಲಿಲ್ಲ. ಮಗ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಒಂದು ಪೆಟ್ಟಿಗೆ ಕೂರಿಸಿದ. ಇನ್ನು ಮೂಗಿನ ಕೆಲಸ ಇದರದ್ದು ಎಂದ.

ಉಪ್ಪಿನಕಾಯಿ ಹಾಕಿದ ದಿನ ನಾಲ್ವರೂ ನೆಲದ ಮೇಲೆ ಕೂತು ನಿಂಬೆಹಣ್ಣು ಹೆಚ್ಚಿದರು. ಮಗನ ಕೈಯಲ್ಲಿ ಕೇಬಲ್ಲಿನ ಗೀರುಗಳು ಬೇಕಾದಷ್ಟಿದ್ದವು, ಅವನ ಕೂಗು ಕೆಳಗಿನ ಮನೆಗೂ ಕೇಳಿಸಿತು. ಕ್ಯಾಂಟೀನಮ್ಮ ಹಿಡಿಹಿಡಿಯಾಗಿ ಕಲ್ಲುಪ್ಪು ಎರಚಿ ಕಲಸಿದರು. ಸೊಸೆ ಬೆರಳದ್ದಿ ನೆಕ್ಕಿ, ಸ್ವಲ್ಪ ಅಳುಕುತ್ತ, ಚೆನ್ನಾಗಿದೆ ಅತ್ತೆ ಎಂದಳು.

"ಚೆನ್ನಾಗಿದೆ ಅನ್ನೋ ಮಾತು ಈ ಮನೆಯಲ್ಲಿ ಇನ್ನು ಬೇಡ. ಸರಿಯಾಗಿ ಹೇಳು."

ಸೊಸೆ ಇನ್ನೊಮ್ಮೆ ನೆಕ್ಕಿದಳು. ಈ ಸಲ ಕಣ್ಣು ಮುಚ್ಚಿಕೊಂಡಳು.

"ಉಪ್ಪು ಸಾಲದು."

ಹೋಳು ನೀರು ಬಿಟ್ಟ ಮೇಲೆ ಸರಿಯಾಗುತ್ತದೆ ಎಂದು ಅತ್ತೆ ವಾದಿಸಿದರು. ಆಗುವುದಿಲ್ಲ ಎಂದಳು ಸೊಸೆ. ಅತ್ತೆ ಅವಳ ಮುಖವನ್ನೇ ನೋಡಿದರು, ಇನ್ನೊಂದು ಹಿಡಿ ತೆಗೆದು ಹಾಕಿದರು. ಅಡುಗೆಯ ವಿಷಯದಲ್ಲಿ ಕ್ಯಾಂಟೀನಮ್ಮ ಇನ್ನೊಬ್ಬರ ಮಾತು ಕೇಳಿದ್ದನ್ನು ಮಗ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನು ಈರುಳ್ಳಿಯ ವಿಷಯ ಮತ್ತೆ ಎತ್ತಬಾರದೆಂದು ಸುಮ್ಮನೆ ಕೂತ.

ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಊಟಕ್ಕೆ ಕೂತಾಗ ಎಲ್ಲರಿಗೂ ಹಸಿವಾಗಿತ್ತು. ಅವತ್ತಿನ ಬೇಳೆಯನ್ನು ಸೊಸೆ ಮನಸ್ಸಿಟ್ಟು ಮಾಡಿದ್ದಳು. ಕ್ಯಾಂಟೀನಮ್ಮ ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು, ನುಂಗಿದರು. ಬಾಯಲ್ಲಿ ಅದೇ ಮಣ್ಣು. ತಟ್ಟೆಯಿಂದ ತಲೆಯೆತ್ತಿ ಹಳೆಯ ದನಿಯಲ್ಲಿ ಹೇಳಿದರು:

"ಉಪ್ಪು ಸಾಲದು."

ಬೇಳೆಗೆ ಉಪ್ಪು ಸರಿಯಾಗಿತ್ತು, ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಮಗ ಅದನ್ನು ಹೇಳಲು ಬಾಯಿ ತೆರೆದ. ಮೇಜಿನಡಿ ಹೆಂಡತಿಯ ಕಾಲು ಅವನ ಕಾಲ ಮೇಲೆ ಬಂತು.

"ಹೌದತ್ತೆ, ನೋಡಲೇ ಇಲ್ಲ," ಎಂದು ಸೊಸೆ ಎದ್ದು ಉಪ್ಪಿನ ಡಬ್ಬಿ ತಂದಳು. ಅತ್ತೆಯ ತಟ್ಟೆಯ ಅಂಚಿಗೆ ಒಂದು ಚಿಟಿಕೆ ಇಟ್ಟಳು, ತನ್ನ ತಟ್ಟೆಯ ಅಂಚಿಗೂ ಒಂದು ಚಿಟಿಕೆ. ಅವತ್ತು ಅವಳು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.